ಎಮ್ಮೆ ಒದ್ದ ಮನೆತನ

೮ ಜೂನ್ ೨೦೨೫, ಭಾನುವಾರ. ಬಸವಕಲ್ಯಾಣ

ಅವ್ವನ ಹಲ್ಲಿನ ಸೆಟ್ಟು ಇವತ್ತೂ ಚಹಾದ ಕಪ್ಪಿನಲ್ಲಿ. ಅದಕ್ಕೆಂದೇ ನೀಲಿ ಮುಚ್ಚಳದ ಡಬ್ಬಿ ತಂದುಕೊಟ್ಟಿದ್ದೇನೆ. ಡಬ್ಬಿಯಲ್ಲಿ ಲವಂಗ ಹಾಕಿಟ್ಟಿದ್ದಾಳೆ. ಇವರು ಕಣ್ಣು ಪೂರ್ತಿ ತೆರೆಯುವ ಮೊದಲೇ ಅದೇ ಕಪ್ಪಿಗೆ ಚಹಾ ಸೋಸಿಕೊಂಡರು.

"ವಿಜಯಾ, ಚಹಾ ನನ್ನ ನೋಡಿ ನಗಾಕತ್ತದ."

ಒಳಗಿಂದ ಅವ್ವ: "ಜಲ್ದಿ ತೆಗದು ಕೊಡ್ರಿ ಅಳಿಯಂದಿರ, ಬಿಸಿಗೆ ಸೊಟ್ಟ ಆಗ್ತದ."

ಮಧ್ಯಾಹ್ನ ಕಲಬುರಗಿಯಿಂದ ಧಮ್ಮಪಾಲ ಸರ್ ಫೋನು. ನನ್ನ ಪಿಎಚ್‌ಡಿ ಗೈಡು. ನನಗಿಂತ ಹನ್ನೆರಡು ವರ್ಷ ಚಿಕ್ಕವರು. ನಾನು ಸರ್ ಅನ್ನುತ್ತೇನೆ, ಅವರು ಮೇಡಂ ಅನ್ನುತ್ತಾರೆ. ಯಾರು ಯಾರಿಗೆ ಹೆದರಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.

"ಮೇಡಂ, ಸಮೀಕರಣ ಚಂದ ಅವ. ಆದ್ರ ಖರೆ ಮಂದಿ ಎಲ್ಲ್ಯಾರ್ರಿ?"

ಸರಿಯಾದ ಪ್ರಶ್ನೆ. ಹಲ್ಲುಗಳು ಯಾಕೆ ಸಾಲಾಗಿ, ಇಂತಿಷ್ಟೇ ಅಂತರದಲ್ಲಿ ಮೊಳೆಯುತ್ತವೆ. ಕೆಲವು ಮನೆತನಗಳಲ್ಲಿ ಕೆಲವು ಹಲ್ಲು ಯಾಕೆ ಮೊಳೆಯುವುದೇ ಇಲ್ಲ—ಅದನ್ನು ಗಣಿತದಲ್ಲಿ ಹೇಳುವುದು ನನ್ನ ಕೆಲಸ. ಕೂರಿಗೆಯಿಂದ ಬೀಜ ಬಿದ್ದ ಹಾಗೆ. ಕೂರಿಗೆಯ ಒಂದು ತೂತು ಕಟ್ಟಿದರೆ ಆ ಸಾಲು ಖಾಲಿ. ನಲವತ್ತೆಂಟನೇ ವಯಸ್ಸಿನಲ್ಲಿ ಇದನ್ನು ಯಾಕೆ ಹಿಡಿದೆ ಎಂದು ಎಲ್ಲರೂ ಕೇಳುತ್ತಾರೆ. ಕವಿತೆ ಓದುವವಳಿಗೆ ಖಾಲಿ ಜಾಗಗಳ ಮೇಲೆ ಮೋಹ ಇರುತ್ತದೆ... ಹಾಗೆ ಹೇಳಿದರೆ ಪ್ರಿನ್ಸಿಪಾಲರಿಗೆ ಅರ್ಥವಾಗದು. ಇನ್‌ಕ್ರಿಮೆಂಟಿಗೆ ಅಂದೆ. ಅರ್ಥವಾಯಿತು.

ಖರೆ ಮಂದಿಗಾಗಿ ದೂರ ಹೋಗಬೇಕಿಲ್ಲ. ಹುಮನಾಬಾದ. ಅವ್ವನ ತವರು. ಅಲ್ಲಿ ಅರ್ಧ ಮನೆಗೆ ಮುಂದಿನ ಹಲ್ಲಿಲ್ಲ.

೧೦ ಜೂನ್, ಮಂಗಳವಾರ

ಹಲ್ಲಿನ ಮೇಲೆ ಪಿಎಚ್‌ಡಿ ಎಂಬ ಸುದ್ದಿ ಕಾಲೇಜಿನ ಜವಾನನವರೆಗೆ ಮುಟ್ಟಿದೆ. ಇವತ್ತು ಕ್ಲಾಸಿನ ಬಾಗಿಲಲ್ಲಿ ತಡೆದು ಬಾಯಿ ತೆರೆದ. "ಜರಾ ನೋಡ್ರಿ ಮೇಡಂ, ಹಿಂದಿಂದು." ನಾನು ಗಣಿತದವಳಪ್ಪ ಅಂದೆ. "ಎಣಿಸಿಯಾದ್ರೂ ಹೇಳ್ರಿ" ಅಂದ.

ಎಣಿಸಿದೆ. ಇಪ್ಪತ್ತೇಳು.

ಸ್ಟಾಫ್ ರೂಮಿನಲ್ಲಿ ತಬಸ್ಸುಮ ಒಂದು ಲೇಖನದ ಪ್ರಿಂಟ್ ಕೊಟ್ಟಳು. ಪ್ರಾಣಿಶಾಸ್ತ್ರದವಳು, ನನಗೆ ಜೀವಶಾಸ್ತ್ರದಲ್ಲಿ ಬರುವುದೆಲ್ಲ ಅವಳು ಪಿರಿಯಡ್ ನಡುವೆ ಹೇಳಿಕೊಟ್ಟದ್ದು. "ಇದನ್ನ ಕುಂತು ಓದು ವಿಜಯಾ. ನಿಂತು ಓದಬ್ಯಾಡ."

ಕುಂತು ಓದಿದೆ. ಅಪರೂಪಕ್ಕೆ, ಕೆಲವೇ ಮನೆತನಗಳಲ್ಲಿ, ಹಲ್ಲು ಬಾರದಿರುವುದೂ ದೊಡ್ಡಕರುಳಿನ ಕ್ಯಾನ್ಸರೂ ಒಂದೇ ಜೀನಿನ ದಾರಿಯಲ್ಲಿ ಬರುತ್ತವೆ. ಆ ಜೀನಿನ ಕೆಲಸ ಬ್ರೇಕು. ಬ್ರೇಕ್ ಕೆಟ್ಟರೆ ದವಡೆಯಲ್ಲಿ ಹಲ್ಲಿನ ಮೊಳಕೆ ದಾರಿ ತಪ್ಪುತ್ತದೆ. ಕರುಳಿನಲ್ಲಿ ಕೋಶಗಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಹುಮನಾಬಾದದ ಮಹಾರುದ್ರಪ್ಪ ಮಾಮಾನಿಗೆ, ಅವ್ವನ ತಮ್ಮನಿಗೆ, ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಮನೆಯವರು ಹರ್ನಿಯಾ ಅನ್ನುತ್ತಾರೆ. ಹರ್ನಿಯಾಕ್ಕೆ ಯಾರೂ ಹದಿನೈದು ದಿನಕ್ಕೊಮ್ಮೆ ಹೋಗಿ ಸಲೈನ್ ಹಚ್ಚಿಸಿಕೊಂಡು ಬರುವುದಿಲ್ಲ. ಅದು ಕರುಳಿನದು, ಕಿಮೊ ನಡೆದಿದೆ, ಎಲ್ಲರಿಗೂ ಗೊತ್ತು. ಎಲ್ಲರೂ ಹರ್ನಿಯಾ ಅನ್ನುತ್ತೇವೆ.

೧೫ ಜೂನ್, ಭಾನುವಾರ. ಹುಮನಾಬಾದದಿಂದ ಬಂದ ಮೇಲೆ

ಮಾಮಾನಿಗೆ ಎಪ್ಪತ್ತು. ತೊಗರಿ ಬೇಳೆಯ ಮಿಲ್ಲು. ಊರಲ್ಲಿ ಗಂಭೀರ ಮನುಷ್ಯ ಎಂದು ಹೆಸರು. ಬಜಾರಿನಲ್ಲಿ ಒಂದು ಮಾತಿದೆ—ಆ ಮನೆಯವರು ನಕ್ಕ ದಿನ ತೊಗರಿ ರೇಟು ಏರುತ್ತದೆ. ನಗುವುದಿಲ್ಲ ಎಂದಲ್ಲ. ತುಟಿ ಮುಚ್ಚಿ, ಮೂಗಿನಿಂದ ನಗುತ್ತಾರೆ. ಮದುವೆ ಆಲ್ಬಮ್ಮುಗಳಲ್ಲಿ ನಮ್ಮವರನ್ನು ಗುರುತಿಸುವುದು ಸುಲಭ. ಪಂಚನಾಮೆಗೆ ಕರೆಸಿದವರ ಹಾಗೆ ನಿಂತಿರುತ್ತಾರೆ.

ಔಷಧದಿಂದಾಗಿ ಮಾಮಾನಿಗೆ ಈಗ ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ. ಗಿರಾಕಿಗಳ ಮುಂದೆ, "ಬಿಸಿನೀರಿನ ನೇಮ ಹಿಡಿದೀನ್ರಿ." ಇಬ್ಬರು ಗಿರಾಕಿಗಳು ಭಕ್ತಿಯಿಂದ ತಾವೂ ಹಿಡಿದಿದ್ದಾರಂತೆ.

ನೋಟ್‌ಬುಕ್ ತೆರೆದು ಕುಳಿತೆ.

"ಮಾಮಾ, ನಿಮ್ಮ ಮುಂದಿನ ಹಲ್ಲು ಯಾವಾಗ ಹೋದವು?"

"ಎಮ್ಮಿ ಒದೀತು."

"ಯಾವ ಎಮ್ಮಿ?"

"ಮನಿ ಎಮ್ಮಿ. ಹಿಂಡಾಕ ಕುಂತಿದ್ದೆ. ಸಣ್ಣಾಂವ ಇದ್ದೆ."

"ಅಜ್ಜನವು?"

"ಅವನೂ ಹಿಂಡಾಕ ಕುಂತಿದ್ದ."

"ಅದೇ ಎಮ್ಮಿಯೇನು?"

ಮಾಮಾ ಸ್ವಲ್ಪ ಯೋಚಿಸಿದರು. "ಅದರವ್ವ ಇರಬೇಕು."

ಅವರ ಮಗ ಗುರುಶಾಂತ ಮಿಲ್ಲಿನಿಂದ ಊಟಕ್ಕೆ ಬಂದ. ನಲವತ್ತನಾಲ್ಕು. ತಲೆ, ಮೀಸೆ ಎಲ್ಲ ಬೇಳೆಯ ಧೂಳು. ನಾನು ಕೇಳುವ ಮೊದಲೇ ಕೈ ಎತ್ತಿದ. "ನಂದೂ ಎಮ್ಮಿನೇ ವಿಜಯಕ್ಕ. ಅದರ ಮಗಳು."

ಎಮ್ಮೆಗಳ ವಂಶಾವಳಿಯನ್ನೇ ಬೇರೆ ಬರೆಯಬೇಕಾಗುತ್ತದೆ.

ಊಟ ಮುಗಿಸಿ ಗುರುಶಾಂತ ಮಿಲ್ಲಿಗೆ ಮರಳಿದ. ಮಾಮಾ ಕನ್ನಡಕ ತರಲು ಒಳಗೆ ಹೋದರು. ಟೀಪಾಯಿಯ ಮೇಲೆ ಆಸ್ಪತ್ರೆಯ ಫೈಲು. ನೋಡಬಾರದಿತ್ತು. ನೋಡಿದೆ. ಡಿಸ್ಚಾರ್ಜ್ ಕಾಗದದ ಕೊನೆಯ ಸಾಲು: ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಕೊಲೊನೋಸ್ಕೋಪಿ, ನಳಿಗೆ ಇಳಿಸಿ ಕರುಳು ನೋಡುವ ಪರೀಕ್ಷೆ, ಆಗಬೇಕು. ಜನವರಿಯ ಕಾಗದ. ಐದು ತಿಂಗಳು.

"ಮಾಮಾ, ಇದು ಗುರುಶಾಂತಗ ಹೇಳೀರೇನು?"

"ಅದು ಇಂಗ್ಲೀಷಿನಾಗ ಅದ."

"ನಿಮಗ ಇಂಗ್ಲೀಷು ಬರ್ತದಲ್ಲ."

"ಮಿಲ್ಲಿನ ಇಂಗ್ಲೀಷು ಬರ್ತದ." ಫೈಲನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಅನೂಂದು ಮಾತುಕತಿ ನಡದದ, ವಿಜಯಾ. ಅಕಿ ಮದಿವಿ ಆಗೂತನಕ ಈ ಮನ್ಯಾಗ ಯಾರಿಗೂ ಏನೂ ಇಲ್ಲ."

ಅನೂ ಅಂದರೆ ಅನುರಾಧಾ. ಗುರುಶಾಂತನ ಮಗಳು. ಬಿ.ಎಡ್. ಮುಗಿಸಿದ್ದಾಳೆ. ಮಂಠಾಳದ ಕಡೆಯ ವರ.

೧೬ ಜೂನ್, ಸೋಮವಾರ

ಲೆಕ್ಕ ಹಾಕಿದೆ. ಎಮ್ಮೆ ಒದೆಯುವುದು ಹೆತ್ತವರಿಂದ ಮಕ್ಕಳಿಗೆ ಅರ್ಧ ಸಂಭವನೀಯತೆಯಿಂದ ದಾಟುತ್ತದೆ. ಗಂಡು ಹೆಣ್ಣು ಭೇದವಿಲ್ಲ. ತಲೆಮಾರು ಬಿಡುವುದಿಲ್ಲ. ಜೀನೂ ಇಷ್ಟು ನಿಯತ್ತಿನಿಂದ ನಡೆದುಕೊಳ್ಳುವುದಿಲ್ಲ.

ಇನ್ನೊಂದು. ಮಾಮಾನಿಗೆ ಎಡಕ್ಕೊಂದು ಬಲಕ್ಕೊಂದು ಇಲ್ಲ. ಗುರುಶಾಂತನಿಗೂ ಅವೇ. ಮಧ್ಯದ ಎರಡು ಹಲ್ಲು ಮುಟ್ಟದೆ ಅಕ್ಕಪಕ್ಕದವನ್ನು ಮಾತ್ರ ಬೀಳಿಸಬೇಕಾದರೆ ಎಮ್ಮೆಗೆ ಸಮಮಿತಿ ಗೊತ್ತಿರಬೇಕು. ನನ್ನ ಎರಡನೇ ವರ್ಷದ ಹುಡುಗರಿಗೇ ಅದು ಗೊತ್ತಿಲ್ಲ.

ನಕ್ಕು ಮುಗಿದ ಮೇಲೆ ಪೆನ್ನು ನಿಂತಿತು. ನಿನ್ನೆ ಗುರುಶಾಂತ ಊಟದ ನಡುವೆ ಎರಡು ಸಲ ಎದ್ದು ಹೋದ. ಹೊಟ್ಟೆ ಸರಿ ಇಲ್ಲ, ಮೂಲವ್ಯಾಧಿ ಅಂದ. ಮದ್ದೆಂದು ಮೂಲಂಗಿ ತಿನ್ನುತ್ತಿದ್ದಾನಂತೆ.

ಇವನನ್ನು ಪರೀಕ್ಷೆಗೆ ಕರೆದೊಯ್ಯಬೇಕು. ಪಿಎಚ್‌ಡಿ ಆಮೇಲೆ.

೨೨ ಜೂನ್, ಭಾನುವಾರ

ಆಗಬಾರದ್ದು ಆಯಿತು. ವಂಶವೃಕ್ಷದ ಚಿತ್ರವನ್ನು ಧಮ್ಮಪಾಲ ಸರ್‌ಗೆ ಕಳಿಸಲು ಹೋಗಿ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮೂವತ್ತೊಂಬತ್ತು ಮಂದಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಹಲ್ಲು ಬಾರದವರಿಗೆ ಕಪ್ಪು ತುಂಬಿದ್ದೆ. ಏನು ಎತ್ತ ಎಂದು ಬರೆದಿರಲಿಲ್ಲ, ಹೆಸರು ಮಾತ್ರ ಇದ್ದವು. ಅಳಿಸುವಷ್ಟರಲ್ಲಿ ಇಪ್ಪತ್ತಾರು ಜನ ನೋಡಿಯಾಗಿತ್ತು.

ಕಲಬುರಗಿಯ ಚಿಗವ್ವನಿಂದ, ಅವ್ವನ ತಂಗಿಯಿಂದ, ಧ್ವನಿ ಮೆಸೇಜು, ನಾಲ್ಕು ನಿಮಿಷದ್ದು. "ವಿಜಯಾ, ನನ್ನ ಯಾಕ ಕರ್ರಗ ಮಾಡಿದಿ? ನಾ ಎಣ್ಣಿಗೆಂಪು ಅಂತ ಊರಿಗೇ ಗೊತ್ತದ. ನಿಮ್ಮವ್ವನ್ನ ಬೆಳ್ಳಗ ಬರದೀದಿ. ಅಕಿ ನನಕಿಂತ ಒಂದು ಕೈ ಹೆಚ್ಚು ಕಪ್ಪು. ನಿನ್ನ ನೀ ಬೆಳ್ಳಗ ಬರಕೊಂಡೀದಿ. ಬರಕೋ, ಕೈಯಾಗ ಪೆನ್ನದ."

ಅವ್ವ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದಳು. ಒಂದು ಕೈ ಹೆಚ್ಚು ಎನ್ನುವಲ್ಲಿ ಮೂರು ಸಲವೂ "ನಿಲ್ಲಸು" ಅಂದಳು.

ಬಿಳಿ ಉಳಿದಿದ್ದ ಒಬ್ಬ ದಾಯಾದಿ ಕೈಮುಗಿದ ಚಿತ್ರ ಕಳಿಸಿದ್ದಾನೆ.

ಗುರುಶಾಂತನಿಗೆ ಮಾತ್ರ ತಿಳಿಯಿತು. ಫೋನಿನಲ್ಲಿ ಧ್ವನಿ ತಗ್ಗಿಸಿಯೇ ಬೈದ. "ಹಲ್ಲಿಂದೇ ಅಲ್ಲೇನು ಅದು? ಮಂಠಾಳದವ್ರ ಕೈಗೆ ಸಿಕ್ಕರ ಏನಕ್ಕ ಗತಿ? ನಿನ್ನ ಪಿಎಚ್‌ಡಿ ಸಲುವಾಗಿ ನನ್ನ ಮಗಳ ಬಾಳೇ ಹೋಗಬೇಕೇನು?"

ಪರೀಕ್ಷೆಯ ಮಾತು ಎತ್ತಿದೆ. ಫೋನ್ ಇಟ್ಟ.

೩೦ ಜೂನ್, ಸೋಮವಾರ. ಸಂಜೆ

ಅನುರಾಧಾ ಫೋನ್ ಮಾಡಿದ್ದಳು. ಮಿಲ್ಲಿನ ಗದ್ದಲದಲ್ಲಿ ನಿಂತು ಮಾತಾಡಿದಳು, ಮನೆಯಲ್ಲಿ ಕೇಳಿಸಬಾರದೆಂದು.

"ಆತ್ಯಾ, ಅಪ್ಪಾಗ ರಕ್ತ ಬೀಳಾಕತ್ತದ. ಮೂರ್ನಾಲ್ಕು ತಿಂಗಳಾತು. ಮೂಲಂಗಿದು ಖಾಲಿ ನಾಟಕ."

ಉಪಾಯವನ್ನೂ ಅವಳೇ ಹುಡುಕಿಟ್ಟಿದ್ದಳು.

ಪರೀಕ್ಷೆ ಅಂದರೆ ಬರುವುದಿಲ್ಲ. ಹಲ್ಲು ಅಂದರೆ ಬಂದಾನು ಅಂದಳು. ಮದುವೆಯ ಫೋಟೋಗೆ ಹಲ್ಲು ಕಟ್ಟಿಸಿಕೋ ಎಂದು ಅವಳು ಅಪ್ಪನಿಗೆ ಹೇಳುವುದು; ಹುಮನಾಬಾದದ ಡಾಕ್ಟರ್ ಹಬೀಬ್ ಹತ್ತಿರ ನಾನು ಕರೆದುಕೊಂಡು ಹೋಗುವುದು; ಎಕ್ಸ್‌ರೇಯಲ್ಲಿ ಹಲ್ಲಿನ ಬೇರೇ ಇಲ್ಲ ಎಂದು ಡಾಕ್ಟರ ಬಾಯಿಂದಲೇ ಕೇಳಿಸುವುದು; ಎಮ್ಮೆ ಸುಳ್ಳಾಗುವುದು. ಆಮೇಲೆ ಕರುಳಿಗೆ ಇಳಿಯುವುದು.

ಹುಡುಗಿಗೆ ಪ್ರಮೇಯ ಸಾಧಿಸುವ ಬುದ್ಧಿ ಇದೆ. ಬಿ.ಎಡ್. ಕೂಡ ಅದನ್ನು ಕೆಡಿಸಲು ಆಗಿಲ್ಲ.

೬ ಜುಲೈ, ಭಾನುವಾರ. ಹುಮನಾಬಾದ. ಬಸ್ ಸ್ಟ್ಯಾಂಡಿನಲ್ಲಿ

ಬಸ್ಸು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಬರೆದುಬಿಡುತ್ತೇನೆ.

ಗುರುಶಾಂತ ಬಂದ. ಇಸ್ತ್ರಿ ಮಾಡಿದ ಶರ್ಟು, ಮೀಸೆ ಕಪ್ಪು ಮಾಡಿಸಿಕೊಂಡು. ಡಾಕ್ಟರ್ ಹಬೀಬ್ ಬಾಯಿಯ ಸುತ್ತ ತಿರುಗುವ ಮೆಷಿನ್ನಿನಲ್ಲಿ ನಿಲ್ಲಿಸಿ ಎಕ್ಸ್‌ರೇ ತೆಗೆದರು. ಹೇಳಿಕೊಟ್ಟ ಹಾಗೆಯೇ ನಡೆಯಿತು. "ನೋಡ್ರಿ ಸಾಹುಕಾರ, ಇಲ್ಲಿ ಹಲ್ಲು ಬಿದ್ದಿಲ್ಲ. ಹುಟ್ಟೇ ಇಲ್ಲ. ಒಟ್ಟು ಒಂಬತ್ತು ಹುಟ್ಟಿಲ್ಲ. ಹಿಂದ ಎರಡು ಹಾಲುಹಲ್ಲು ಇನ್ನೂ ಹಾಂಗೇ ಕುಂತಾವ."

"ಎಮ್ಮಿ ಒದ್ದದ್ದು ಮುಂದ್ರಿ," ಅಂದ ಗುರುಶಾಂತ. "ಹಿಂದಿನ ಮಾತು ನನಗ ಗೊತ್ತಿಲ್ಲ."

"ಎಮ್ಮಿ ಒದ್ದರ ಹಲ್ಲು ಹೋಗ್ತಾವ. ಅದು ಒದ್ದದ್ದಕ್ಕ ಹಾಲುಹಲ್ಲು ನಲವತ್ತನಾಲ್ಕು ವರ್ಷ ಕುಂದ್ರಂಗಿಲ್ರಿ."

ಅವನು ನಂಬಲಿಲ್ಲ. ಹೋಲಿಸಿ ತೋರಿಸಲು ಒಂದು ಬರಾಬರ್ ಬಾಯಿ ಬೇಕು ಅಂದರು ಡಾಕ್ಟರು. ಸುತ್ತ ನೋಡಿದರು. "ನೀವೇ ನಿಲ್ಲರಿ ಮೇಡಂ." ಹೆಮ್ಮೆಯಿಂದ ನಿಂತೆ. ಪ್ರಯೋಗದಲ್ಲಿ ಇದಕ್ಕೆ ಕಂಟ್ರೋಲ್ ಅನ್ನುತ್ತಾರೆ ಗುರುಶಾಂತ, ಎಂದೂ ವಿವರಿಸಿದೆ.

ಡಾಕ್ಟರು ಕಂಪ್ಯೂಟರ್ ನೋಡಿದರು. ಚೀಟಿ ನೋಡಿದರು. "ಇದು ಅದಲಿ ಬದಲಿ ಆಗೇದ." ಮತ್ತೊಮ್ಮೆ ತೆಗೆದರು. ಮತ್ತೆ ನೋಡಿದರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

ಏಳು ಹುಟ್ಟಿಲ್ಲ. ಎರಡು ಹಾಲುಹಲ್ಲು. ನಲವತ್ತೆಂಟರಲ್ಲಿ.

"ನನ್ನ ಮುಂದಿನವು ಜೋಕಾಲಿಯಿಂದ ಬಿದ್ದು ಹೋದವು ಡಾಕ್ಟ್ರೇ," ಅಂದೆ. "ನಾಗರಪಂಚಮಿಗೆ. ಒಂಬತ್ತು ವರ್ಷದವಳಿದ್ದೆ. ಆಮೇಲೆ ಕಟ್ಟಿಸಿದ್ದು." ನನ್ನ ಧ್ವನಿ ಮಾಮಾನ ಧ್ವನಿಯಂತೆಯೇ ಇತ್ತು.

ಗುರುಶಾಂತ ಎರಡು ಎಕ್ಸ್‌ರೇಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಬಹಳ ಹೊತ್ತು. ಮೂಗಿನಿಂದ ಒಂದು ಸದ್ದು ಬಂತು.

"ಏನಕ್ಕ," ಅಂದ, "ನಿನಗ ಒದ್ದದ್ದು ಯಾವ ಎಮ್ಮಿ?"

೭ ಜುಲೈ, ಸೋಮವಾರ

ಅವ್ವ ತೊಗರಿ ಆರಿಸುತ್ತಿದ್ದಳು. ಎದುರು ಕುಳಿತೆ.

"ಅವ್ವ, ಆ ಜೋಕಾಲಿ."

"ಯಾವ ಜೋಕಾಲಿ?"

"ನಾ ಬಿದ್ದದ್ದು. ಬೇವಿನ ಗಿಡ."

ಮೊರದಲ್ಲಿ ಎರಡು ಹರಳು ಸಿಕ್ಕವು. ಎತ್ತಿ ಬದಿಗಿಟ್ಟಳು. "ನೀ ಜೋಕಾಲಿ ಅಂದ್ರ ಹೆದರಿ ನನ್ನ ಸೀರಿ ಹಿಡಕೊಂಡು ನಿಂದ್ರತಿದ್ದಿ. ಯಾವಾಗ ಏರೀದಿ?"

ಹಲ್ಲು ಬರಲೇ ಇಲ್ಲವಂತೆ. ಕೇಳಿದವರಿಗೆ ಏನಾದರೂ ಹೇಳಬೇಕಲ್ಲ. ಹೆಣ್ಣುಮಗುವಿಗೆ ಎಮ್ಮೆ ಒದ್ದಿತೆಂದರೆ ಚೆನ್ನಾಗಿರುವುದಿಲ್ಲ. ಜೋಕಾಲಿ ಲಕ್ಷಣವಾಗಿತ್ತು. "ನನಗೂ ಆರು ಬಂದಿರಲಿಲ್ಲ," ಅಂದಳು. "ನಮ್ಮ ಅಪ್ಪ, ಬಾವ್ಯಾಗ ಬಿದ್ದಳು ಅಂತ ಹೇಳಿದ್ದ."

ನನಗೆ ಹಗ್ಗದ ಒರಟು ನೆನಪಿದೆ. ಬೇವಿನೆಲೆಗಳ ನಡುವೆ ಆಕಾಶ ತಲೆಕೆಳಗಾದದ್ದು ನೆನಪಿದೆ. ಬಾಯಲ್ಲಿ ಉಪ್ಪು ರಕ್ತ. ಅದರ ಮೇಲೆ ಕಾಲೇಜಿನ ದಿನಗಳಲ್ಲಿ ಹದಿನಾಲ್ಕು ಸಾಲಿನ ಪದ್ಯ ಕೂಡ ಬರೆದಿದ್ದೇನೆ. ಆ ಆಕಾಶ ಯಾರದು ಹಾಗಾದರೆ?

ಇವರಿಗೆ ಹೇಳಿದೆ. ಓಂಪ್ರಕಾಶರು ಅಂಗಡಿಯ ಬೀಗದ ಕೈ ತಿರುಗಿಸುತ್ತ ಅಂದರು: "ಹೆಣ್ಣು ನೋಡಾಕ ಬಂದಾಗ ನಮ್ಮವ್ವ ಬ್ಯಾಡ ಅಂದಿದ್ದಳು. ಹಲ್ಲಿಗಲ್ಲ. ಜೋಕಾಲಿಯಿಂದ ಬೀಳಾಕಿ ಹುಡುಗಾಟದಾಕಿ ಇರ್ತಾಳ, ಸಂಸಾರ ಮಾಡಂಗಿಲ್ಲ ಅಂತ. ನಾ ಜಗಳ ಮಾಡಿ ಒಪ್ಪಿಸಿದೆ. ನನಗ ಜೋಕಾಲಿ ಹುಡುಗೀನೇ ಬೇಕಾಗಿತ್ತು."

"ಈಗ?"

"ಈಗೇನು. ಇಪ್ಪತ್ತಾರು ವರ್ಷ ಆತು. ಮತ್ತ ಯಾವಾಗರೆ ಏರಿದರಾತು."

ಚಿತ್ರದಲ್ಲಿ ಅವ್ವನ ವೃತ್ತ ತುಂಬಿದೆ. ನನ್ನದೂ. ನಮಗೆ ಮಕ್ಕಳಿಲ್ಲ. ನನ್ನ ವೃತ್ತದಿಂದ ಕೆಳಗೆ ಗೆರೆ ಇಳಿಯುವುದಿಲ್ಲ. ಆ ಖಾಲಿಯನ್ನು ನೋಡಿ ಮೊದಲ ಸಲ ಒಂದು ನಿಟ್ಟುಸಿರು, ಬೇರೆ ಜಾತಿಯದು, ಬಂತು.

ಚಿಗವ್ವನಿಗೆ ಫೋನ್ ಮಾಡಿ ನಾನೂ ಕಪ್ಪು ಅಂದೆ. "ಈಗ ಖರೆ ಬರದಿ," ಅಂದಳು.

೧೭ ಆಗಸ್ಟ್, ಭಾನುವಾರ

ನಲವತ್ತೊಂದು ದಿನ ಬರೆದಿಲ್ಲ. ಕಾರಣಗಳು: ಕಾಲೇಜಿನ ಇಂಟರ್ನಲ್ಸ್. ನ್ಯಾಕ್ ಕಮಿಟಿಯ ಫೈಲುಗಳು. ಮಳೆ. ಶ್ರಾವಣ. ಶ್ರಾವಣದಲ್ಲಿ ಕೊಲೊನೋಸ್ಕೋಪಿ ಮಾಡಿಸಬಾರದೆಂದು ಯಾವ ಪುರಾಣದಲ್ಲೂ ಇಲ್ಲ. ಮಾಡಿಸಬಾರದೆಂದು ನಾನೇ ಹೇಳಿದೆ. ಎಲ್ಲರೂ ಒಪ್ಪಿದರು. ಗಣಿತದ ಮೇಡಂ ಹೇಳಿದ ಮೇಲೆ ಇರಬೇಕು.

ಮಾಮಾನ ಡಾಕ್ಟರಿಗೆ ಫೋನ್ ಮಾಡಿದ್ದೆ, ಜುಲೈಯಲ್ಲೇ. ಹಲ್ಲು ಬಾರದವರು ಎಲ್ಲರೂ ಬರಲಿ, ರಕ್ತ ಬೀಳುವವರು ಮೊದಲು ಬರಲಿ, ಜೀನ್ ಪರೀಕ್ಷೆಗೆ ಕಾಯಬೇಡಿ ಅಂದರು. ತಿಂಗಳಿಗೆ ಒಂದು ಭಾನುವಾರ ಅವರೇ ಹುಮನಾಬಾದದ ಒಂದು ನರ್ಸಿಂಗ್ ಹೋಮಿಗೆ ಬರುತ್ತಾರೆ. ಜುಲೈಯಲ್ಲೂ ಬಂದರು. ಆಗಸ್ಟಿನಲ್ಲೂ ಬಂದರು. ನಾವು ಹೋಗಲಿಲ್ಲ.

ತಬಸ್ಸುಮಳ ಮುಂದೆ ಒಪ್ಪಿಕೊಂಡೆ—ಹೆದರಿಕೆ. ನಳಿಗೆಗಲ್ಲ. ತಿಳಿದುಬಿಡುವುದಕ್ಕೆ. ಗೊತ್ತಾಗುವವರೆಗೆ ಅದು ಎಕ್ಸ್. ಏನೂ ಆಗಬಹುದು, ಸೊನ್ನೆಯೂ.

"ಮಕ್ಕಳಿಗೆ ಎಕ್ಸ್ ಕಂಡುಹಿಡೀರಿ ಅಂತ ಇಪ್ಪತ್ತು ವರ್ಷದಿಂದ ಹೊಡಿಯಾಕತ್ತೀದಿ," ಅಂದಳು.

ಸಂಜೆ ಗುರುಶಾಂತನ ಮೆಸೇಜು. ಎರಡೇ ಪದ. "ಕಂಟ್ರೋಲ್, ಹ್ಯಾಂಗಿದಿ?"

೨೪ ಆಗಸ್ಟ್, ಭಾನುವಾರ

ಅಪ್ಪ ಮಗ ಇಬ್ಬರೂ ಬಂದಿದ್ದರು. ಮಾಮಾ ಬಸವಕಲ್ಯಾಣಕ್ಕೆ ಬಂದದ್ದು ಆಪರೇಷನ್ ಆದ ಮೇಲೆ ಮೊದಲ ಸಲ. ಕಿಮೊ ಮುಗಿದಿದೆ. ಸೊರಗಿದ್ದಾರೆ. ಅವ್ವ ಬಾಗಿಲಲ್ಲೇ ನಿಂತು, "ಹರ್ನಿಯಾ ಹ್ಯಾಂಗದ ತಮ್ಮಾ" ಅಂದಳು.

"ಕ್ಯಾನ್ಸರ್ ಆರಾಮದ ಅಕ್ಕ," ಅಂದರು ಮಾಮಾ.

ಮೊದಲ ಸಲ ಆ ಪದ ನಮ್ಮ ಮನೆಯ ಹೊಸ್ತಿಲು ದಾಟಿತು. ಏನೂ ಆಗಲಿಲ್ಲ. ಅವ್ವ ಚಹಾಕ್ಕೆ ಇಟ್ಟಳು.

ಆದದ್ದು ಇಷ್ಟು. ಮಂಠಾಳದ ಹುಡುಗ ಅನುರಾಧಾಳ ಜೊತೆ ಮಾತಾಡಬೇಕೆಂದು ಬಂದಿದ್ದ. ಅವಳು ಬಾಯಿ ತೆರೆದು ಹಾಲುಹಲ್ಲು ತೋರಿಸಿದಳು. ಅಜ್ಜನ ಕಾಯಿಲೆ, ಅಪ್ಪನ ರಕ್ತ, ಎಲ್ಲ ಹೇಳಿದಳು. ತಾನೂ ಮುಂದೆ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ ಅಂದಳು. ಹುಡುಗ ಕೇಳಿ, ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ನಮ್ಮನ್ಯಾಗ ಎಲ್ಲಾರಿಗೂ ಸಕ್ಕರಿ ಬ್ಯಾನಿ. ಅಪ್ಪ ನಿಮ್ಮವ್ರಿಗೆ ಹೇಳಬ್ಯಾಡ ಅಂದಾನ. ಬರಾಬರ್ ಆತು" ಅಂದನಂತೆ. ದಸರಾ ಆದ ಮೇಲೆ ನಿಶ್ಚಿತಾರ್ಥ.

ಗುರುಶಾಂತ ಗೋಡೆ ನೋಡುತ್ತ ಕುಳಿತಿದ್ದ. ನೆಪ ಕೈಬಿಟ್ಟು ಹೋದವನ ಮುಖ.

ಮಾಮಾ ಅವನಿಗೆ ಹೇಳಲಿಲ್ಲ. ನನಗೆ ಹೇಳಿದರು. "ಕಾಗದ ಓದಿದ್ದೆ ವಿಜಯಾ. ಜನವರ್ಯಾಗೇ ಓದಿದ್ದೆ. ಹೊಲ ಕೊಟ್ಟೀನಿ, ಮಿಲ್ಲು ಕೊಟ್ಟೀನಿ. ಇದೂ ನಾನೇ ಕೊಟ್ಟೀನಿ ಅಂತ ಮಗನ ಮುಂದ ಹ್ಯಾಂಗ ಹೇಳಲಿ?"

ಗುರುಶಾಂತ ಎದ್ದು ಹೋಗಿ ಒಳಗಿನಿಂದ ಬಿಸಿನೀರು ತಂದು ಅಪ್ಪನ ಕೈಯಲ್ಲಿಟ್ಟ. ಆಮೇಲೆ ನನ್ನತ್ತ ತಿರುಗಿ, "ನೀ ಬಂದ್ರ ನಾ ಬರ್ತೀನಕ್ಕ. ನಾ ಒಬ್ಬನೇ ಹೋಗಾಂವಲ್ಲ."

"ನಾ ಬರ್ತೀನಿ. ಮೊದಲ ನೀ."

"ಮೊದಲ ನೀ. ನೀ ಓದಿದಾಕಿ."

"ರಕ್ತ ಬೀಳೂದು ನಿನಗ."

ಮಾಮಾ ನಾಣ್ಯ ಚಿಮ್ಮಿದರು. ಗುರುಶಾಂತ ಮೊದಲು.

೧೩ ಸೆಪ್ಟೆಂಬರ್, ಶನಿವಾರ. ಹುಮನಾಬಾದ. ಸಂಜೆ ೬

ಮಾಮಾನ ಮನೆ. ನಿನ್ನೆ ಗಂಜಿ. ಇವತ್ತು ಬರೀ ತಿಳಿನೀರು, ಎಳನೀರು. ಐದು ಗಂಟೆಗೆ ಹೊಟ್ಟೆ ತೊಳೆಯುವ ಪುಡಿ ಕಲಸಿದ ನೀರು, ತಲಾ ಎರಡು ಲೀಟರು, ಕಾಲು ಗಂಟೆಗೆ ಒಂದು ಗ್ಲಾಸು. ರುಚಿ—ಸಮುದ್ರಕ್ಕೆ ನಿಂಬೆಹಣ್ಣಿನ ಕಥೆ ಹೇಳಿದಂತೆ.

ದೊಡ್ಡ ಮನೆ. ಹನ್ನೊಂದು ಕೋಣೆ. ಸಂ‌ಡಾಸ ಒಂದೇ. ಈ ಸಂಗತಿಯನ್ನು ಇಬ್ಬರೂ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದರಲ್ಲೊಬ್ಬಳು ಗಣಿತದ ಎಂ.ಎಸ್ಸಿ.

ಮಾಮಾ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಮಿಲ್ಲಿನ ಪದ್ಧತಿ ಜಾರಿಗೆ ತಂದಿದ್ದಾರೆ. ತೊಗರಿ ಗಾಡಿಗಳಿಗೆ ಕೊಡುವ ಹಿತ್ತಾಳೆಯ ಟೋಕನ್ನು. ಒಂದು, ಎರಡು, ಮೂರು. ಟೋಕನ್ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ.

"ನಂಬರ್ ನಾಲ್ಕು. ಯಾರದು?"

"ನಂದು ಮಾಮಾ."

"ಒಳಗ ಮೂರು ಅದ. ಏ ಗುರುಶಾಂತ, ಗಾಡಿ ಖಾಲಿ ಆತೇನು? ಹಿಂದ ಗಾಡಿ ನಿಂತದ."

"ಇನ್ನೂ ತೂಕ ನಡದದ," ಒಳಗಿನಿಂದ ಗುರುಶಾಂತ.

ನಾನು ನಕ್ಕೆ. ನಗಬಾರದಿತ್ತು. ಇಂಥ ಹೊತ್ತಿನಲ್ಲಿ ನಗು ಅಪಾಯ. ಓಂಪ್ರಕಾಶರು ನನಗೆ ಬೀಸಣಿಗೆ ಹಿಡಿದು, ಪಕ್ಕದ ಮನೆಯವರನ್ನು ಕೇಳಿ ಬರಲೇ ಅಂದರು. ಮಾಮಾ ತಡೆದರು. ಬ್ಯಾರೆ ಮಿಲ್ಲಿಗೆ ಮಾಲು ಕಳಿಸುವ ಪದ್ಧತಿ ಈ ಮನೆಯಲ್ಲಿ ಇಲ್ಲವಂತೆ.

ನಂಬರ್ ಐದು ಕೇಳಬೇಕು. ನಿಲ್ಲಿಸುತ್ತೇನೆ—

೧೪ ಸೆಪ್ಟೆಂಬರ್, ಭಾನುವಾರ. ನರ್ಸಿಂಗ್ ಹೋಮ್. ಬೆಳಗ್ಗೆ ೧೦

ಗುರುಶಾಂತನನ್ನು ಒಂಬತ್ತಕ್ಕೆ ಒಳಗೆ ಕರೆದರು. ಒಂಬತ್ತೂ ಐವತ್ತಕ್ಕೆ ಹೊರಗೆ ತಂದರು. ಆ ಐವತ್ತು ನಿಮಿಷ ಮಾಮಾ ಗೋಡೆಯ ಮೇಲಿನ ನೋಟಿಸನ್ನು ಓದುತ್ತ ನಿಂತಿದ್ದರು. ಅದು ಇಂಗ್ಲೀಷಿನಲ್ಲಿತ್ತು. ಗರ್ಭಿಣಿಯರ ಆಹಾರದ ಬಗ್ಗೆ.

ಡಾಕ್ಟರು ಹೊರಗೆ ಬಂದು ಮಾಮಾನಿಗೇ ನೇರ ಹೇಳಿದರು. ಮೂರು ಗಂಟು ಇದ್ದವು. ಮೂರನ್ನೂ ತೆಗೆದಿದ್ದಾರೆ. ಎರಡು ಸಣ್ಣವು. ಒಂದು ಮಾತ್ರ ದೊಡ್ಡದು, ಸ್ವಭಾವ ಒಳ್ಳೆಯದಲ್ಲ, ರಕ್ತ ಅದರದ್ದೇ. ಲ್ಯಾಬಿಗೆ ಹೋಗುತ್ತದೆ. ಕಣ್ಣಿಗೆ ಕಂಡಷ್ಟರಲ್ಲಿ ಇನ್ನೂ ಬೇರು ಬಿಟ್ಟಿಲ್ಲ. "ಎರಡು ವರ್ಷ ಬಿಟ್ಟು ಬಂದಿದ್ದರೆ..." ಅಂದು ಉಳಿದದ್ದನ್ನು ಹೇಳಲಿಲ್ಲ. ವರ್ಷ ವರ್ಷ ನೋಡಿಸಿಕೊಳ್ಳಬೇಕು.

ಮಾಮಾ ಕೇಳಿದರು, "ತೆಗದ್ರಿ, ಅಲ್ರಿ? ಪೂರಾ?"

"ಪೂರಾ."

ಹತ್ತಿರದ ಬೆಂಚಿನ ಮೇಲೆ ಕುಳಿತರು. ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡರು. ಭುಜ ಅಲುಗುತ್ತಿತ್ತು. ನಾನು ನೋಡದ ಹಾಗೆ ಇದ್ದೆ. ಈ ಪುಟ ತೆರೆದೆ.

ಗುರುಶಾಂತ ಪಕ್ಕದ ಮಂಚದ ಮೇಲೆ. ಅರ್ಧ ಮತ್ತು. ಸಿಸ್ಟರಿಗೆ ಮಿಲ್ಲಿನಲ್ಲಿ ಪಾಲು ಕೊಡುವುದಾಗಿ ಹೇಳಿದ್ದಾನೆ. ಡಾಕ್ಟರಿಗೂ.

ನನ್ನ ಕನ್ನಡಕ, ವಾಚು, ತಾಳಿ ಇವರ ಕೈಗೆ ಹೋಗಿವೆ. ಸಾಲು ಎತ್ತ ಹೋಗುತ್ತಿದೆಯೋ ಕಾಣುತ್ತಿಲ್ಲ. ಎಷ್ಟೋ ಮಂದಿಗೆ ಹೇಳಿದ್ದೇನೆ ಈ ಎರಡು ತಿಂಗಳಲ್ಲಿ: ಏನೂ ಆಗುವುದಿಲ್ಲ, ಖಾಲಿ ಮಲಗಿದರೆ ಸಾಕು. ಇವತ್ತು ಆ ವಾಕ್ಯ ಹುಡುಕಿದರೆ ನನ್ನಲ್ಲಿ ಸಿಗುತ್ತಿಲ್ಲ.

ಸಿಸ್ಟರ್ ನನ್ನ ಹೆಸರು ಕೂಗಿದರು. ಒಂದು ಸಾಲು, ಅಂದೆ.

ಗುರುಶಾಂತ ಕಣ್ಣು ತೆರೆದಿದ್ದಾನೆ. ಕೈ ಚಾಚಿದ್ದಾನೆ, ಎತ್ತಲೋ. "ಹೋಗಕ್ಕ. ಏನಾಗಂಗಿಲ್ಲ. ಖಾಲಿ ಮಲಕ್ಕೋ. ಬರೂತನಕ ನಾ ಇಲ್ಲೇ ಇರ್ತೀನಿ. ಪೆನ್ನು ಇಲ್ಲಿ ಕೊ—